ಒಂದನೇ ನಂಬರಿನ ಸರ್ವರ್

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬನಹಟ್ಟಿಯ ಆ ಮಗ್ಗದ ಶೆಡ್ಡಿನ ಆಫೀಸಿಗೆ ಎರಡೂವರೆ ದಿನ ಇಂಟರ್ನೆಟ್ ಇಲ್ಲದಂತೆ ಮಾಡಿದವನು ನಾನೇ. ಇಲಿ ವೈರು ಕಡಿದಿರಲಿಲ್ಲ, ಕಂಬದ ಮೇಲೆ ಮಂಗ ಜೋಕಾಲಿ ಆಡಿರಲಿಲ್ಲ, ಇಂಟರ್ನೆಟ್ ಕೊಡುವವರೂ ಏನೂ ಮಾಡಿರಲಿಲ್ಲ. ಆ ಮೂವರನ್ನೂ ನಾನು ಬಾಯಿಗೆ ಬಂದಂತೆ ಬೈದಿದ್ದೆ, ಇಲಿಯನ್ನಂತೂ ಅದರ ವಂಶಸಮೇತ. ಹೊಸದಾಗಿ ಕೂರಿಸಿದ ಲಿನಕ್ಸ್ ಸರ್ವರಿಗೆ ನಾನು ಕೊಟ್ಟ ವಿಳಾಸ, ಅದೇ ಕೋಣೆಯ ಗೋಡೆಯ ಮೇಲೆ ಹಸಿರು ದೀಪ ಮಿಟುಕಿಸುತ್ತಿದ್ದ ರೌಟರಿನ ವಿಳಾಸವಾಗಿತ್ತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಒಂದು ಆಫೀಸಿನ ಯಂತ್ರಗಳಿಗೆಲ್ಲ ಮನೆಗಳಿಗಿರುವ ಹಾಗೆ ಒಂದೊಂದು ನಂಬರು ಇರುತ್ತದೆ. ಉದ್ದನೆಯ ನಂಬರು. ಮುಂದಿನ ಭಾಗ ಎಲ್ಲರದೂ ಒಂದೇ, ಕೊನೆಯ ಅಂಕಿ ಮಾತ್ರ ಬೇರೆ ಬೇರೆ. ಹೊರಗಿನಿಂದ ಇಂಟರ್ನೆಟ್ ತರುವ ಡಬ್ಬಿ, ಅಂದರೆ ರೌಟರ್, ಸಾಮಾನ್ಯವಾಗಿ ಒಂದನೇ ನಂಬರಿನಲ್ಲಿ ಕೂತಿರುತ್ತದೆ. ಯಾರೇ ಹೊರಗೆ ಹೋಗಬೇಕಾದರೂ ಆ ಬಾಗಿಲಿನಿಂದಲೇ ಹೋಗಬೇಕು. ಈಗ ಒಂದೇ ಓಣಿಯಲ್ಲಿ ಒಂದೇ ನಂಬರಿನ ಎರಡು ಮನೆಗಳಿದ್ದರೆ ಪೋಸ್ಟಿನವನು ಏನು ಮಾಡಬೇಕು? ಒಮ್ಮೆ ಈ ಮನೆಗೆ ಕೊಡುತ್ತಾನೆ, ಒಮ್ಮೆ ಆ ಮನೆಗೆ ಕೊಡುತ್ತಾನೆ, ಕೊನೆಗೆ ಚೀಲ ಒಗೆದು ಚಹಾ ಕುಡಿಯಲು ಹೋಗುತ್ತಾನೆ. ಆಫೀಸಿನ ಕಂಪ್ಯೂಟರುಗಳು ಮಾಡಿದ್ದೂ ಅದನ್ನೇ. ಇದು ನೆಟ್‌ವರ್ಕಿನ ಕ್ಲಾಸಿನಲ್ಲಿ ಮೊದಲ ವಾರವೇ ಕಲಿಸುವ ಪಾಠ. ನಾನು ಆ ವಾರ ಒಂದು ದಿನವೂ ತಪ್ಪಿಸಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತು ಮಾಸ್ತರರು ಕೆಮ್ಮುವುದನ್ನು ನಕಲು ಮಾಡುತ್ತಿದ್ದೆ.

ಆ ಕ್ಲಾಸು ಜಮಖಂಡಿಯಲ್ಲಿತ್ತು. ನನ್ನ ನಕಲಿಗೆ ಬಾಯಿಗೆ ಕರವಸ್ತ್ರ ತುರುಕಿಕೊಂಡು ನಗುತ್ತಿದ್ದವನು ಪಕ್ಕದಲ್ಲಿ ಕೂತ ನನ್ನ ಗೆಳೆಯ. ನಗುತ್ತಲೇ ಅವನು ಪಾಠ ಬರೆದುಕೊಳ್ಳುತ್ತಿದ್ದ. ನಾನು ನಗಿಸಿ ಮನೆಗೆ ಹೋಗುತ್ತಿದ್ದೆ. ಕ್ಲಾಸು ಮುಗಿದ ಮೇಲೆ ಇಬ್ಬರೂ ಸೇರಿ ಬನಹಟ್ಟಿಯಲ್ಲಿ ಕಂಪ್ಯೂಟರ್ ರಿಪೇರಿಯ ಸಣ್ಣ ಅಂಗಡಿ ಹಾಕಿದೆವು. ಅಂಗಡಿಗೆ ಫೋನು ಬಂದರೆ ನಾನೇ ಎತ್ತುತ್ತಿದ್ದೆ. ಆ ಕಡೆಯವರು ನನ್ನ ಜೊತೆ ಎರಡು ಮಾತಾಡಿ, ನಕ್ಕು, ಆಮೇಲೆ ಹೇಳುತ್ತಿದ್ದರು: "ಆತು ಬಿಡು, ಈಗ ಅಂವನ್ನ ಕಳಸು."

ಅಂವ ಅಂದರೆ ಗೆಳೆಯ. ಕಂಪ್ಯೂಟರ್ ಕೆಟ್ಟಾಗ ಕರೆಯುತ್ತಿದ್ದುದು ಅವನನ್ನು. ಹೊಲದಲ್ಲಿ ಎಳೆ ಜೋಳದ ತೆನೆ ಸುಟ್ಟು ಸೀತನಿ ತಿನ್ನಲು, ಮದುವೆಯ ಹಿಂದಿನ ದಿನ ಮಂದಿ ಬೇಸರ ಪಡದಂತೆ ನೋಡಿಕೊಳ್ಳಲು ಕರೆಯುತ್ತಿದ್ದುದು ನನ್ನನ್ನು. ಕೆಲಸಕ್ಕೆ ಇಬ್ಬರೂ ಹೋದರೆ ಅವನು ಕೂತು ಕೆಲಸ ಮಾಡುತ್ತಿದ್ದ, ನಾನು ಸ್ಕ್ರೂಗಳನ್ನು ಅಂಗೈಯಲ್ಲಿ ಹಿಡಿದು ನಿಂತು ಮನೆಯವರನ್ನು ನಗಿಸುತ್ತಿದ್ದೆ. ನನ್ನದೇ ಅಂತ ಒಂದು ಕೆಲಸ, "ಇದನ್ನ ಮಾಡಿದಂವ ನೀನs ಏನು?" ಅಂತ ಯಾರಾದರೂ ಕೇಳುವಂಥ ಒಂದೇ ಒಂದು ಕೆಲಸ, ನನ್ನ ಇಪ್ಪತ್ತಾರು ವರ್ಷದಲ್ಲಿ ಆಗಿರಲಿಲ್ಲ. ಅದು ಬೇಕಾಗಿತ್ತು ನನಗೆ. ನಗುತ್ತ ಹೇಳುತ್ತಿದ್ದೇನೆ, ಆದರೆ ಬಹಳ ಬೇಕಾಗಿತ್ತು.

ಅದು ಸಿಕ್ಕಿದ್ದು ಒಂದು ಮದುವೆಯ ಊಟದ ಪಂಕ್ತಿಯಲ್ಲಿ. ಪಕ್ಕದ ಎಲೆಗೆ ಕೂತವರು ಬನಹಟ್ಟಿಯಲ್ಲಿ ದೊಡ್ಡ ಶೆಡ್ಡು ಇರುವ ಮಾಲಕರು. ಅವರ ಮನೆತನದವರು ಮೂಲತಃ ಕುರಿ, ಹೊಲ ಇದ್ದವರು, ಬೀರೇಶ್ವರನ ಒಕ್ಕಲು. ತಂದೆಯ ಕಾಲಕ್ಕೆ ಮಗ್ಗಕ್ಕೆ ಇಳಿದಿದ್ದರು. ಈಗ ಮಾಲಕರು ಸೀರೆಯ ದಡಿ ಅಂದರೆ ಅಂಚು, ಸೆರಗು ಇವುಗಳ ಚಿತ್ತಾರವನ್ನು ಕಂಪ್ಯೂಟರಿನಿಂದ ತೆಗೆದುಕೊಂಡು ನೇಯುವ ಹೊಸ ಜಕಾರ್ಡ್ ಮಗ್ಗ ಹಾಕಿದ್ದರು. ಚಿತ್ತಾರ ಬರೆಯುವವರು ಮುಧೋಳದಲ್ಲಿ. ಅವರು ಮೇಲ್ ಕಳಿಸಿದ್ದನ್ನು ಆಫೀಸಿನಲ್ಲಿ ಪೆನ್ ಡ್ರೈವಿಗೆ ಹಾಕಿ, ಮಗ್ಗದಿಂದ ಮಗ್ಗಕ್ಕೆ ಒಯ್ಯಬೇಕಿತ್ತು. ಹಳೆಯ ದಡಿ ಯಾವುದು, ಹೊಸದು ಯಾವುದು ಎಂದು ಕಲಸಿಹೋಗಿ, ಒಂದು ಸಲ ನವಿಲಿನ ಸೆರಗಿಗೆ ರುದ್ರಾಕ್ಷಿ ದಡಿಯ ಬದಲು ಯಾವುದೋ ಮಾವಿನಕಾಯಿ ದಡಿ ನೇಯ್ದು ಬಂದಿತ್ತಂತೆ. ಎಲ್ಲ ಚಿತ್ತಾರವೂ ಒಂದೇ ಕಡೆ ಇದ್ದು, ಎಲ್ಲ ಮಗ್ಗವೂ ಅಲ್ಲಿಂದಲೇ ತೆಗೆದುಕೊಳ್ಳುವ ಹಾಗೆ ಆಗಬೇಕು ಎಂದರು.

"ಅದಕ್ಕ ಸರ್ವರ್ ಅಂತಾರ್ರಿ," ಎಂದೆ ಬಾಯಲ್ಲಿ ಹೋಳಿಗೆ ಇಟ್ಟುಕೊಂಡೇ.

"ನಿನಗ ಬರ್ತೈತೇನು?"

"ಬರೂದೇನ್ರಿ, ನನ್ನ ನೋಡಿ ಅದs ಚಾಲೂ ಆಕ್ಕೈತ್ರಿ."

ಮಾಲಕರು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಹಂಗಾರ ನೀನs ಬಂದು ಮಾಡು. ಛಲೋ ಆತಂದ್ರ ರಬಕವಿ ಶೆಡ್ಡಿಗೂ, ಮುಧೋಳದಾಗ ನಮ್ಮ ತಮ್ಮನ ಶೆಡ್ಡಿಗೂ ನೀನs ಕುಂಡ್ರಸು," ಎಂದರು. ಎರಡು ಸಲ 'ನೀನs' ಎಂದಿದ್ದರು. ನಾನು ಎಣಿಸಿಟ್ಟುಕೊಂಡೆ.

ಗೆಳೆಯನಿಗೆ ಹೇಳಿದಾಗ ಅವನು ಬೆಸುಗೆ ಹಾಕುತ್ತಿದ್ದ ಸಲಾಕೆಯನ್ನು ಕೆಳಗಿಡದೆಯೇ ಕೇಳಿದ: "ನಿನ್ನ ಕರದ್ರಾ?"

"ನನ್ನs ಕರದ್ರು."

"ಅಕ್ಕ ಬಸರ ಅದಾಳಲ್ಲ, ಆಕಿ ಕುಬಸ ಐತಿ, ನಾ ಅನಗವಾಡಿಗೆ ಹೋಗಾಂವ. ಮಾಡು ಮಾಡು. ಏನಾರ ಅಡಚಣಿ ಬಂದ್ರ ಫೋಟೋ ಕಳಸು, ನಾ ಹೇಳ್ತೇನಿ."

ಅದಕ್ಕಿಂತ ದೊಡ್ಡ ಧೈರ್ಯ ನನಗೆ ಬೇಕಿರಲಿಲ್ಲ.

ಶೆಡ್ಡಿನ ಒಂದು ಮೂಲೆಗೆ ಗಾಜಿನ ಗೋಡೆ ಹಾಕಿ ಆಫೀಸು ಮಾಡಿದ್ದರು. ಒಳಗೆ ಕೂತರೂ ಮಗ್ಗದ ಸದ್ದು ಹಲ್ಲಿಗೆ ತಾಗುತ್ತಿತ್ತು; ಅಲ್ಲಿ ಎಲ್ಲರೂ ಜಗಳಾಡುತ್ತಿರುವವರ ಹಾಗೆ ಕೂಗಿ ಪ್ರೀತಿಯಿಂದ ಮಾತಾಡುತ್ತಾರೆ. ಹಳೆಯ ಆದರೆ ಗಟ್ಟಿಯಾದ ಒಂದು ಯಂತ್ರವನ್ನು ಮೇಜಿನ ಕೆಳಗಿಟ್ಟು, ವಿಂಡೋಸಿನ ಬದಲು ಲಿನಕ್ಸ್ ಹಾಕಿದೆ. ಅದು ನೆಟ್‌ವರ್ಕ್ ಹೇಗೆ ಬೇಕು ಎಂದು ಕೇಳಿದಾಗ, ಕೊನೆಯ ಅಂಕಿ ಐವತ್ತು ಎಂದು ಕೊಟ್ಟೆ. ಬಾಗಿಲಿನ ವಿಳಾಸ ಕೇಳಿತು. ರೌಟರಿನದು, ಒಂದು ಎಂದು ಕೊಟ್ಟೆ. ಸರಿಯಾಗಿ ಕೊಟ್ಟಿದ್ದೆ. ಇದನ್ನು ದಯವಿಟ್ಟು ಯಾರಾದರೂ ನೆನಪಿಡಿ, ಏಕೆಂದರೆ ಆಮೇಲೆ ಯಾರೂ ನೆನಪಿಡಲಿಲ್ಲ. ಸರ್ವರಿನಿಂದ ಹೊರಗಿನ ಒಂದು ವಿಳಾಸಕ್ಕೆ ಪಿಂಗ್ ಮಾಡಿ, ಅಂದರೆ 'ಇದ್ದೀಯಾ' ಎಂದು ಕೂಗಿ ನೋಡಿದೆ. ಉತ್ತರದ ಸಾಲುಗಳು ಒಂದರ ಹಿಂದೊಂದು ಪಟಪಟನೆ ಬಂದವು. ಮುಧೋಳದಿಂದ ಮೇಲ್ ಬಂತು, ಮಗ್ಗದ ಪಕ್ಕದ ಕಂಪ್ಯೂಟರಿನಿಂದ ಚಿತ್ತಾರ ತೆರೆಯಿತು. ನಾನು ಕುರ್ಚಿಯಲ್ಲಿ ಕೂತೇ ಒಂದು ಸುತ್ತು ಕುಣಿದೆ.

ಅಷ್ಟರಲ್ಲಿ ಮಾಲಕರು, ಲೆಕ್ಕ ಬರೆಯುವ ಕಾರಕೂನರ ಜೊತೆ ಒಳಗೆ ಬಂದರು.

"ಇದಕ್ಕ ನಂಬರ್ ಎಷ್ಟ ಕೊಟ್ಟಿ?"

"ಐವತ್ತ ಕೊಟ್ಟೇನ್ರಿ ಮಾಲಕ್ರ."

"ಐವತ್ತ? ಉಳದ ನಾಲ್ವತ್ತೊಂಬತ್ತ ಎಲ್ಲೆ ಅದಾವು?"

"ಹಂಗೇನಿಲ್ರಿ. ನಡುವ ಖಾಲಿ ಬಿಟ್ಟೇನ್ರಿ."

ಅವರು ಗಾಜಿನಾಚೆ ಕೈ ತೋರಿಸಿದರು. ಎಲ್ಲ ಮಗ್ಗಗಳಿಗೂ ಬಿಳಿ ಬಣ್ಣದಲ್ಲಿ ನಂಬರು ಬರೆದಿತ್ತು. "ಒಂದನೇದ್ದು ನೋಡಿದಿ? ನಮ್ಮಪ್ಪ ಹಾಕಿದ್ದು. ಅಮಾಸಿ ದಿನ ಮೊದಲ ಅದರ ಪೂಜಿ, ಆಮ್ಯಾಲ ಉಳದವು. ಇಷ್ಟ ದೊಡ್ಡ ಮಶಿನ್ ತಂದು ಐವತ್ತನೇದಾಗಿ ಕುಂಡ್ರಸ್ತಿಯೇನು? ಯಾರಾರ ಕೇಳಿದ್ರ ಏನ್ ಹೇಳ್ಲಿ? ಒಂದ ಕೊಡು."

ಆ ಶೆಡ್ಡಿನಲ್ಲಿ ನಂಬರು ಅಂದರೆ ಹಿರಿತನ. ಒಂದನೇ ಮಗ್ಗಕ್ಕೆ ಹಿರಿಯ ನೇಕಾರ, ಹಬ್ಬದ ಮೊದಲ ಕಾಯಿ ಅದಕ್ಕೆ, ಹೊಸ ಬಣ್ಣದ ನೂಲು ಬಂದರೆ ಮೊದಲ ಎಳೆ ಅದಕ್ಕೆ. ನಾನು "ಅಲ್ಲಿ ಬ್ಯಾರೆದವ್ರು ಅದಾರ್ರಿ" ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಮೊದಲ ಸಲ ಒಬ್ಬ ಮಾಲಕ ನನ್ನ ಹತ್ತಿರ ಕೆಲಸದ ಮಾತು ಆಡುತ್ತಿದ್ದ. ಆಗುವುದಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಮೇಲಾಗಿ ನನ್ನ ತಲೆಯಲ್ಲಿ ಒಂದು ದಿವ್ಯವಾದ ತರ್ಕ ಹುಟ್ಟಿತು: ಬಾಗಿಲಿನ ನಂಬರು ಒಂದು, ಮುಖ್ಯ ಯಂತ್ರ ಇದೇ, ಹಾಗಾದರೆ ಎರಡೂ ಒಂದೇ ಇದ್ದರೆ ಇನ್ನೂ ಅನುಕೂಲವೇ ಅಲ್ಲವೇ? ಈ ತರ್ಕವನ್ನು ಇಂದಿಗೂ ಯಾವ ಪುಸ್ತಕದಲ್ಲೂ ಯಾರೂ ಬರೆದಿಲ್ಲ.

"ಆತ್ರಿ," ಎಂದೆ. ಐವತ್ತನ್ನು ಅಳಿಸಿ ಒಂದು ಬರೆದೆ. ಯಂತ್ರ ಆರಿಸಿ ಹಚ್ಚಿದ ಮೇಲೆ ಅದು ಜಾರಿಗೆ ಬರುವಂತೆ ಇಟ್ಟೆ.

ಮರುದಿನ ಅಮಾವಾಸ್ಯೆ. ಮಗ್ಗಗಳೆಲ್ಲ ನಿಂತಿದ್ದವು. ಒಂದನೇ ಮಗ್ಗದ ಪೂಜೆ ಆದ ಮೇಲೆ ಎಲ್ಲರೂ ಸರ್ವರಿನ ಹತ್ತಿರ ಬಂದರು. ಮಾಲಕರ ತಾಯಿ, ಎಲ್ಲರಿಗೂ ಅವರು ಆಯಿ, ಅದಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆಸಿ, ಬೀರಪ್ಪನ ಹೆಸರು ಹೇಳಿ ಒಂದು ಬೊಗಸೆ ಭಂಡಾರ ಹಾರಿಸಿದರು. ಅರಿಶಿನದ ಪುಡಿ ಮೋಡದ ಹಾಗೆ ಎದ್ದು ಯಂತ್ರದ ಮೇಲೆ, ನನ್ನ ಮೇಲೆ, ಹಿಂದಿನ ತೂತುಗಳ ಮೇಲೆಲ್ಲ ಕೂತಿತು. ಎಲ್ಲರೂ ಕೈಮುಗಿದಾಗ ನಾನು ಗುಂಡಿ ಒತ್ತಿದೆ. ದೀಪ ಹತ್ತಿತು. ಪೇಡೆ ಹಂಚಿದರು.

ಪೇಡೆ ಬಾಯಲ್ಲಿ ಕರಗುವುದರೊಳಗೆ ಆಫೀಸಿನಲ್ಲಿ ಇಂಟರ್ನೆಟ್ ಹೋಯಿತು.

ಈಗ ಬುದ್ಧಿ ಇರುವ ಮನುಷ್ಯನಾದರೆ, ನಿನ್ನೆ ಸರಿಯಿತ್ತು, ನಡುವೆ ನಾನು ಒಂದು ನಂಬರು ಬದಲಿಸಿದೆ ಎಂದು ಯೋಚಿಸುತ್ತಾನೆ. ನಾನು ಯೋಚಿಸಿದ್ದು ಭಂಡಾರದ ಬಗ್ಗೆ. ಕೇಬಲ್ ಚುಚ್ಚುವ ತೂತಿನೊಳಗೆ ಇಣುಕಿದರೆ ಹಳದಿ. ಆಯಿಯ ಭಕ್ತಿಯ ಮೇಲೆ ಅಪವಾದ ಹೊರಿಸುವ ಧೈರ್ಯ ನನಗಿರಲಿಲ್ಲ. ಆದ್ದರಿಂದ ಯಾರಿಗೂ ಹೇಳದೆ, ಪರದೆಯ ಮೇಲಿನ ಸೆಟ್ಟಿಂಗಿನ ಒಂದು ಫೋಟೋ ತೆಗೆದು ಗೆಳೆಯನಿಗೆ ಕಳಿಸಿದೆ. ಅದರಲ್ಲಿ ಎರಡು ಸಾಲು ಸ್ಪಷ್ಟವಾಗಿ ಕಾಣುತ್ತಿದ್ದವು. ಮೇಲಿನದು ಸರ್ವರಿನ ವಿಳಾಸ, ಕೆಳಗಿನದು ಬಾಗಿಲಿನ ವಿಳಾಸ. ಎರಡೂ ಅಕ್ಷರಶಃ ಒಂದೇ. ನಾನದನ್ನು ನೋಡಿ ಸಮಾಧಾನವನ್ನೂ ಪಟ್ಟಿದ್ದೆ: ಎರಡೂ ತಾಳೆಯಾಗುತ್ತಿವೆ, ಇಲ್ಲೇನೂ ತಪ್ಪಿಲ್ಲ.

ಕಳಿಸಿದ ಫೋಟೋದ ಕೆಳಗೆ ಎರಡು ಟಿಕ್ ಗುರುತು ನೀಲಿಯಾದವು. ಅವನು ನೋಡಿದ. ಸ್ವಲ್ಪ ಹೊತ್ತಿನ ಮೇಲೆ ಉತ್ತರ ಬಂತು: "ಕೇಬಲ್ ನೋಡ್ಲೇ."

ಕೇಬಲ್ ನೋಡಿದೆ. ಹಳೆಯದು ಕಿತ್ತೆ, ಹೊಸದು ಹಾಕಿದೆ. ಆಗಲಿಲ್ಲ. ಸರ್ವರನ್ನು ಆರಿಸಿ, ಮನೆಯಿಂದ ಹೊಸ ಟೂತ್‌ಬ್ರಶ್ ತಂದು ತೂತಿನ ಭಂಡಾರ ತಿಕ್ಕಿದೆ. ಹೀಗೆ ತಿಕ್ಕುತ್ತಿರುವಾಗಲೇ ಆಫೀಸಿನ ಕಾರಕೂನರು ಕೂಗಿದರು: "ಬಂತ್ ಬಂತ್! ಇಂಟರ್ನೆಟ್ ಬಂತ್!" ಸರ್ವರ್ ಆರಿದ್ದರಿಂದ ರೌಟರಿಗೆ ತನ್ನ ನಂಬರು ವಾಪಸು ಸಿಕ್ಕಿತ್ತು ಎಂದು ಈಗ ಗೊತ್ತು. ಆಗ ನನಗೆ ಗೊತ್ತಾದದ್ದು ಟೂತ್‌ಬ್ರಶ್ಶಿನ ಮಹಿಮೆ. ಬ್ರಶ್ಶನ್ನು ಮೇಲೆತ್ತಿ ಎಲ್ಲರಿಗೂ ತೋರಿಸಿದೆ. ನೇಕಾರರು ಚಪ್ಪಾಳೆ ತಟ್ಟಿದರು. ಸರ್ವರ್ ಹಚ್ಚಿದೆ. ಇಂಟರ್ನೆಟ್ ಹೋಯಿತು. ಮತ್ತೆ ಆರಿಸಿ ತಿಕ್ಕಿದೆ. ಬಂತು. ಹಚ್ಚಿದೆ. ಹೋಯಿತು. ಸಂಜೆಯೊಳಗೆ ಆ ತೂತು ನನ್ನ ಹಲ್ಲಿಗಿಂತ ಸ್ವಚ್ಛವಾಗಿತ್ತು.

ಶೆಡ್ಡಿನಲ್ಲಿ ಮಗ್ಗ ಕೆಟ್ಟರೆ ಸರಿಮಾಡುವ ಜಾಬರ್ ಒಬ್ಬರಿದ್ದರು. ಅರವತ್ತರ ಮನುಷ್ಯ, ಎಲ್ಲರಿಗೂ ಮಾಮಾ. ಎಲೆ ಅಡಿಕೆ ಜಗಿಯುತ್ತ ನನ್ನ ಹಿಂದೆ ನಿಂತು ಬಹಳ ಹೊತ್ತು ನೋಡಿದರು.

"ತಮ್ಮಾ, ಒಂದ ಮಾತ ಕೇಳ್ಲೇನು? ಮಗ್ಗ ಕೆಟ್ರ ನಾವು ಪಾನಾ ಹಿಡದು ಬೋಲ್ಟ್ ಬಿಚ್ಚೂದಿಲ್ಲ ಮೊದಲ. ಇದಕ್ಕ ಕಡೀಕ ಕೈ ಹಚ್ಚಿದಂವ ಯಾರು, ಏನ್ ಮಾಡಿದಾ ಅಂತ ಕೇಳ್ತೇವಿ. ನೀ ಕಡೀಕ ಏನ್ ಮಾಡಿದ್ದಿ?"

"ಮಾಮಾ, ಇದು ಮಗ್ಗ ಅಲ್ರಿ. ಇದು ಲಿನಕ್ಸ್ ಐತ್ರಿ."

"ಇರ್ಲಿ ತಗೋ. ಅದೂ ಯಾರೋ ಕೈ ಹಚ್ಚಿದ ಮ್ಯಾಲನs ಕೆಟ್ಟಿರಬೇಕು."

ನಾನು ನಕ್ಕೆ. ಅಷ್ಟೇ ಅಲ್ಲ, ಅವರು ಆಚೆ ಹೋದ ಮೇಲೆ ಅವರ ಜಗಿಯುವ ಬಾಯಿಯ ನಕಲು ಮಾಡಿ ಕಾರಕೂನರನ್ನೂ ನಗಿಸಿದೆ. ಆ ಇಡೀ ಶೆಡ್ಡಿನಲ್ಲಿ ನನಗೆ ಸರಿಯಾದ ದಾರಿ ಹೇಳಿದ ಒಬ್ಬನೇ ಮನುಷ್ಯನಿಗೆ ನಾನು ಸಲ್ಲಿಸಿದ ಗೌರವ ಅದು.

ಎರಡನೇ ದಿನ ಬೆಳಿಗ್ಗೆ ಗೆಳೆಯನಿಗೆ ಫೋನು ಮಾಡಿದೆ. ಹಿಂದೆ ಹೆಂಗಸರು ಸೋಬಾನೆ ಹಾಡುವುದು ಕೇಳುತ್ತಿತ್ತು.

"ಕೇಬಲ್ ಅಲ್ಲಲೇ. ಬ್ರಶ್ಲೆ ತಿಕ್ಕಿದೆ, ಅದೂ ಅಲ್ಲ."

"ಬ್ರಶ್ಲೆ ಯಾಕ ತಿಕ್ಕಿದ್ಯೋ?"

"ಭಂಡಾರ ಹೊಕ್ಕಿತ್ತು."

ಅವನು ಬಹಳ ನಕ್ಕ. ನಾನೂ ನಕ್ಕೆ. ಆಮೇಲೆ ಅವನು ಹೇಳಿದ: "ಹಂಗಾರ ಕಾರ್ಡ್ ಹೋಗಿರಬೇಕು ನೋಡು. ನೆಟ್‌ವರ್ಕ್ ಕಾರ್ಡ್ ಬದ್ಲಿ ಮಾಡು. ಬನಹಟ್ಟ್ಯಾಗ ಸಿಗೂದಿಲ್ಲ, ಜಮಖಂಡಿಗೆ ಹೋಗಿ ತಾ."

ನಾನು ಗಾಡಿ ಹಚ್ಚಿಕೊಂಡು ಜಮಖಂಡಿಗೆ ಹೊರಟೆ. ಕಬ್ಬಿನ ಹಂಗಾಮು. ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ರಸ್ತೆಯೆಲ್ಲ ತುಂಬಿ, ಹಾಡು ಹಚ್ಚಿಕೊಂಡು, ಮೆರವಣಿಗೆ ಹೊರಟ ಹಾಗೆ ಹೋಗುತ್ತಿದ್ದವು. ಒಂದನ್ನು ದಾಟಿದರೆ ಇನ್ನೊಂದು. ಮೂರು ಅಂಗಡಿ ತಿರುಗಿ ಕಾರ್ಡು ಸಿಕ್ಕಿತು. ವಾಪಸು ಬರುವಾಗ ಕಬ್ಬಿನ ಒಣಗರಿಯ ರವದಿ ತಲೆಯಲ್ಲಿ, ಧೂಳು ಮುಖದಲ್ಲಿ, ಅಂಗಿಯ ಜೇಬಿನಲ್ಲಿ ಕಾರ್ಡು ಎದೆಗೆ ಒತ್ತುತ್ತಿತ್ತು. ದಾರಿಯುದ್ದಕ್ಕೂ ನಾನು ಯೋಚಿಸಿದ್ದು, ಕುಬಸದ ಮನೆಯಲ್ಲಿದ್ದೂ ನನ್ನ ಫೋನು ಎತ್ತಿ ದಾರಿ ಹೇಳುವ ಇಂಥ ಗೆಳೆಯ ಯಾರಿಗುಂಟು ಎಂದು. ಅವನ ಅಕ್ಕನಿಗೆ ಅಂತ ಅರ್ಧ ಕಿಲೋ ಪೇಡೆಯನ್ನೂ ಕಟ್ಟಿಸಿಕೊಂಡಿದ್ದೆ.

ಕಾರ್ಡು ಹಾಕಿದೆ. ಹೊಸ ಕಾರ್ಡಿಗೂ ನಿಷ್ಠೆಯಿಂದ ಅದೇ ಒಂದನೇ ನಂಬರನ್ನು ಕೊಟ್ಟೆ. ಫಲಿತಾಂಶ ನಿಮಗೆ ಗೊತ್ತಿದೆ.

ಅಷ್ಟರೊಳಗೆ ಆಫೀಸಿನ ಮಂದಿ ನಗುವುದನ್ನು ನಿಲ್ಲಿಸಿದ್ದರು. ಮುಧೋಳದಿಂದ ಬರಬೇಕಾದ ಹೊಸ ದಡಿಗೆ ಮೂರು ಮಗ್ಗ ಕಾಯುತ್ತಿದ್ದವು. ಕೊನೆಗೆ ಕಾರಕೂನರೇ ಬಸ್ಸು ಹತ್ತಿ ಹೋಗಿ ಪೆನ್ ಡ್ರೈವಿನಲ್ಲಿ ತಂದರು. ಸರ್ವರ್ ಬಂದ ಮೇಲೆ ಪೆನ್ ಡ್ರೈವು ಮೊದಲಿಗಿಂತ ದೂರ ಓಡಾಡುವಂತಾಯಿತು. ಸರ್ವರನ್ನು ಆರಿಸಿಟ್ಟರೆ ಇಂಟರ್ನೆಟ್ ಇರುತ್ತದೆ ಎಂದು ಅವರಿಗೆ ಯಾರೂ ಹೇಳಲಿಲ್ಲ, ಏಕೆಂದರೆ ಅದನ್ನು ಹೇಳಬೇಕಾದವನು ಇಂಟರ್ನೆಟ್ ಬಂದಾಗಲೆಲ್ಲ ತನ್ನ ಹೊಸ ಉಪಾಯದಿಂದ ಬಂತು ಎಂದು ತಿಳಿದು ಮತ್ತೆ ಸರ್ವರ್ ಹಚ್ಚುತ್ತಿದ್ದ. ಮಾಲಕರು ಎರಡು ಸಲ ಗಾಜಿನಾಚೆಯಿಂದ ನನ್ನನ್ನು ನೋಡಿದರು, ಒಳಗೆ ಬರಲಿಲ್ಲ.

ಮೂರನೇ ದಿನ ಮಧ್ಯಾಹ್ನ ಗೆಳೆಯ ಬಂದ. ಇಸ್ತ್ರಿ ಅಂಗಿ, ಹಣೆಗೆ ಕುಂಕುಮ. ನನಗೆ ಎಷ್ಟು ಸಂತೋಷವಾಯಿತೆಂದರೆ ಎದ್ದು ನನ್ನ ಕುರ್ಚಿ ಕೊಟ್ಟೆ, ಒರೆಸಿ ಕೊಟ್ಟೆ. ಅವನು ಕೂತ. ನಾನು ಎರಡೂವರೆ ದಿನ ನೋಡಿದ ಅದೇ ಪರದೆಯನ್ನು ಒಮ್ಮೆ ನೋಡಿದ. ಒಂದನ್ನು ಅಳಿಸಿ ಐವತ್ತು ಬರೆದ. ಒಂದು ಆಜ್ಞೆ ಕೊಟ್ಟ. ಉತ್ತರದ ಸಾಲುಗಳು ಪಟಪಟನೆ ಇಳಿದವು, ಮುಧೋಳದ ಮೇಲ್‌ಗಳೆಲ್ಲ ಒಮ್ಮೆಲೇ ಬಂದು ಬಿದ್ದವು. ಕಾರಕೂನರು ಚಹಾ ಹೇಳಿಕಳಿಸಿದರು. ಅದು ಬರುವುದರೊಳಗೆ ಕೆಲಸ ಮುಗಿದಿತ್ತು.

"ಒಂದ ನಂಬರ್ ಕೊಡಾಕ ಯಾರಲೇ ಹೇಳಿದ್ರು ನಿನಗ?" ಎಂದ ಗೆಳೆಯ, ಎಲ್ಲರಿಗೂ ಕೇಳುವ ಹಾಗೆ.

ನಾನು ಮಾಲಕರ ಕಡೆ ನೋಡಿದೆ. ಮಾಲಕರು ಮೇಲೆ ತಿರುಗುವ ಫ್ಯಾನಿನ ಕಡೆ ನೋಡಿದರು. ಅದರಲ್ಲಿ ಏನೋ ಬಹಳ ಮಹತ್ವದ್ದು ಕಂಡವರ ಹಾಗೆ ನೋಡುತ್ತಲೇ ಇದ್ದರು. ಅವರು ಹೇಳಿದಾಗ ಅಲ್ಲೇ ಇದ್ದ ಕಾರಕೂನರು ಮೇಜಿನ ಖಾನೆಯೊಳಗೆ ತಲೆ ಹಾಕಿದರು. ಕೆಲವು ಸಲ ಇಡೀ ಕೋಣೆಗೆ ಕೋಣೆಯೇ ಒಬ್ಬನನ್ನು ಕೈಬಿಡುತ್ತದೆ, ಸದ್ದಿಲ್ಲದೆ.

"ಯಾರೂ ಹೇಳಿಲ್ಲ," ಎಂದೆ. "ನನ್ನ ತೆಲಿ ಹೇಳಿತು. ಅದಕ್ಕ ಇಂಟರ್ನೆಟ್ ಕನೆಕ್ಷನ್ ಇಲ್ಲ."

ಎಲ್ಲರೂ ನಕ್ಕರು. ನನ್ನ ಕೆಲಸ ನಾನು ಮಾಡಿದೆ.

ರಬಕವಿ ಶೆಡ್ಡಿನ ಕೆಲಸ ಗೆಳೆಯನಿಗೆ ಹೋಯಿತು. ಮುಧೋಳದ್ದೂ. ಅದರಲ್ಲಿ ಮೋಸವೇನಿದೆ ಎಂದು ನಾನೇ ನನಗೆ ಹೇಳಿಕೊಂಡೆ. ಕೆಲಸ ಬರುವವನು ಸರಿಮಾಡಿದ, ಬರದವನು ಬ್ರಶ್ಶು ಹಿಡಿದ. ಅಂಗಡಿ ಇಬ್ಬರದೇ ತಾನೇ. ರಬಕವಿಗೆ ನಾನೂ ಜೊತೆಗೆ ಹೋದೆ, ಸ್ಕ್ರೂ ಹಿಡಿದು ನಿಂತೆ, ಭಂಡಾರದ ಕಥೆಯನ್ನು ಇನ್ನಷ್ಟು ಉಪ್ಪುಖಾರ ಹಚ್ಚಿ ಹೇಳಿದೆ. ನನ್ನ ಕಥೆಯಲ್ಲಿ ಟೂತ್‌ಬ್ರಶ್ಶು ಮೂರಾಗಿದ್ದವು, ಒಂದು ಆಯಿಯದೇ ಆಗಿತ್ತು.

ನಾಲ್ಕೈದು ದಿನದ ಮೇಲೆ ಬಿಟ್ಟುಬಂದಿದ್ದ ಹಳೆಯ ಕೇಬಲ್ ತರಲು ಬನಹಟ್ಟಿಯ ಶೆಡ್ಡಿಗೆ ಹೋದೆ. ಮಾಲಕರು ಕರೆದು ಕೂರಿಸಿದರು. ಫ್ಯಾನು ನೋಡಿದ್ದು ಅವರ ಮನಸ್ಸಿನಲ್ಲೂ ಚುಚ್ಚುತ್ತಿತ್ತೋ ಏನೋ, ಬಹಳ ಮೆತ್ತಗೆ ಮಾತಾಡಿದರು.

"ತಮ್ಮಾ, ಬ್ಯಾಸರಾ ಮಾಡ್ಕೋಬ್ಯಾಡ. ನಿನ್ನ ಗೆಳ್ಯಾ ಭಾಳ ಛಲೋ ಮನಶ್ಯಾ. ನಿನ್ನ ಮರ್ಯಾದಿ ಕಾಯ್ದಾ ಅಂವ."

"ಹೆಂಗ್ರಿ?"

ಅವರು ಫೋನು ತೆಗೆದು, ಕನ್ನಡಕ ಏರಿಸಿ, ಹುಡುಕಿ ತೋರಿಸಿದರು. ನಾನು ಕಳಿಸಿದ ಫೋಟೋ. ಎರಡು ಸಾಲಿನ ಸುತ್ತ ಕೆಂಪು ಗೆರೆಯಿಂದ ಒಂದು ದುಂಡು. ಬಂದದ್ದು ಅಮಾವಾಸ್ಯೆಯ ದಿನ, ನನಗೆ 'ಕೇಬಲ್ ನೋಡ್ಲೇ' ಎಂದು ಬಂದ ಅದೇ ಹೊತ್ತಿಗೆ. ಕೆಳಗೆ ಅವನದೇ ದನಿ. ಮಾಲಕರು ಒತ್ತಿ ಕೇಳಿಸಿದರು.

"ಮಾಲಕ್ರ, ತಪ್ಪು ಇಲ್ಲೆ ಐತ್ರಿ ನೋಡ್ರಿ, ಕೆಂಪ ಮಾಡೇನಿ. ಅಂವಗ ತಿಳೀವಲ್ದು. ಹೇಳಬ್ಯಾಡ್ರಿ, ಮನಸಿಗೆ ಹಚ್ಚಿಕೊಂತಾನ. ಎರಡ ದಿನ ತಡೀರಿ, ಕುಬಸ ಮುಗಿಸ್ಕೊಂಡು ನಾನs ಬಂದು ಮಾಡ್ತೇನ್ರಿ."

"ನೋಡ್ದಿ?" ಎಂದರು ಮಾಲಕರು. "ಗೆಳ್ಯಾ ಗೆಳ್ಯಾನ ಕಾಳಜಿ ಮಾಡಾಕತ್ತಾನ, ನಾ ಯಾಕ ನಡುವ ಬಾಯಿ ಹಾಕ್ಲಿ ಅಂತ ಸುಮ್ಮನಿದ್ದೆ."

ನಾನು ಆ ದನಿಯನ್ನು ಇನ್ನೊಮ್ಮೆ ಹಚ್ಚಿರಿ ಎಂದೆ. ಹಚ್ಚಿದರು. ಹಿಂದೆ ಹೆಂಗಸರು ನಗುತ್ತಿದ್ದರು, ಪಾತ್ರೆ ಸದ್ದಾಗುತ್ತಿತ್ತು. ಮೊದಲ ದಿನ, ಮೊದಲ ಹತ್ತು ನಿಮಿಷ. ಅಂದರೆ ನಾನು ಬ್ರಶ್ಶು ಎತ್ತಿ ಹಿಡಿದು ಚಪ್ಪಾಳೆ ತಟ್ಟಿಸಿಕೊಳ್ಳುವಾಗ ಅವನಿಗೆ ಗೊತ್ತಿತ್ತು. ಟ್ರ್ಯಾಕ್ಟರುಗಳ ನಡುವೆ ಜಮಖಂಡಿಗೆ ಹೋಗುವಾಗ ಗೊತ್ತಿತ್ತು. ಹೋಗು ಎಂದವನೇ ಅವನು. ಮಾಲಕರಿಗೂ ಗೊತ್ತಿತ್ತು, ಗಾಜಿನಾಚೆಯಿಂದ ನೋಡುವಾಗ. ಒಂದು ಅಂಕಿ. ಅವನು ಒಂದು ಅಂಕಿ ಬರೆದು ಕಳಿಸಿದ್ದರೆ ಸಾಕಿತ್ತು. ನನ್ನ ಜೀವನದಲ್ಲಿ ಮೊದಲ ಸಲ ನನಗೆ ಒಂದು ಜೋಕೂ ಹೊಳೆಯಲಿಲ್ಲ. ಕೇಬಲ್ ಸುತ್ತಿಕೊಂಡು ಎದ್ದೆ. ಹೊಸ ಜಕಾರ್ಡು ಮಗ್ಗಗಳು ನನ್ನ ಸರ್ವರಿನಿಂದಲೇ ದಡಿ ತೆಗೆದುಕೊಂಡು ನೇಯುತ್ತಿದ್ದವು. ಲಿನಕ್ಸ್ ಹಾಕಿದ್ದು ನಾನು, ಅದರೊಳಗಿನ ಪ್ರತಿಯೊಂದು ಕಡತ ಜೋಡಿಸಿದ್ದು ನಾನು. ಯಾರೂ ಕೇಳಲಿಲ್ಲ.

ಅಂಗಡಿಗೆ ಬಂದಾಗ ಗೆಳೆಯ ಒಬ್ಬನೇ ಇದ್ದ. ಬೆಸುಗೆಯ ಹೊಗೆ ಮುಖಕ್ಕೆ ಬರದಂತೆ ತಲೆ ಓರೆ ಮಾಡಿ ಕೂತಿದ್ದ. ನಾನು ಕೇಬಲ್ಲನ್ನು ಅವನ ಮುಂದೆ ಇಟ್ಟೆ.

"ಮೊದಲನೇ ದಿನಾನs ಕಂಡಿತ್ತಲ್ಲೋ ನಿನಗ."

ಅವನು ಸುಳ್ಳು ಹೇಳುತ್ತಾನೆ ಅಂದುಕೊಂಡಿದ್ದೆ. ಹೇಳಿದ್ದರೆ ನಾನು ನಂಬುತ್ತಿದ್ದೆ, ನಂಬಲು ತಯಾರಾಗಿಯೇ ಬಂದಿದ್ದೆ. ಅವನು ಸಲಾಕೆಯನ್ನು ಸ್ಟ್ಯಾಂಡಿನಲ್ಲಿ ಇಟ್ಟ, ತಂತಿ ಕಿತ್ತ.

"ಕಂಡಿತ್ತು."

"ಮತ್ತ ಕಾರ್ಡ್ ತರಾಕ ಯಾಕ ಕಳಿಸ್ದಿ?"

"ಸಿಟ್ಟ ಬಂದಿತ್ತು."

"ಸಿಟ್ಟ? ಯಾರ ಮ್ಯಾಲ? ನಾ ಏನ್ ಮಾಡಿದ್ದೆ ನಿನಗ?"

"ಏನೂ ಮಾಡಿದ್ದಿಲ್ಲ. ಅದs."

ಹೊರಗೆ ಒಂದು ಆಟೋ ನೂಲಿನ ಚೀಲಗಳನ್ನು ಹೇರಿಕೊಂಡು ಹಾರ್ನ್ ಬಾರಿಸುತ್ತ ಹೋಯಿತು. ಅದು ದಾಟುವವರೆಗೆ ಅವನು ಕಾಯ್ದ. ಆಮೇಲೆ ನನ್ನನ್ನು ನೋಡದೆ, ಮೇಜಿನ ಮೇಲೆ ಚೆಲ್ಲಿದ ಸ್ಕ್ರೂಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕುತ್ತ ಹೇಳಿದ:

"ನಿನ್ನ ಫೋಟೋ ಬರೂ ಮೊದಲ ಕುಬಸದ ಮನ್ಯಾಗ ಬೀಗ್ರು ಕೇಳಿದ್ರು, 'ನಿನ್ನ ಗೆಳ್ಯಾ ಬರ್ಲಿಲ್ಲೇನು, ಅಂವ ಇದ್ದಿದ್ರ ಮಜಾ ಇರತಿತ್ತು' ಅಂತ. ಅಕ್ಕನೂ ಅದನ್ನs ಕೇಳಿದ್ಲು. ನಾ ಅಲ್ಲೇ ನಿಂತಿದ್ದೆ ಅವರ ಮುಂದ. ಎಲ್ಲಾರೂ ನಿನಗ ಬಾ ಅಂತಾರ, ಕುಂಡ್ರು ಅಂತಾರ, ಊಟಾ ಮಾಡು ಅಂತಾರ. ನನ್ನ ಕರಿಯೂದು ಏನಾರ ಕೆಟ್ರ ಅಷ್ಟs. ಆ ಮಾಲಕ ಅದಕ್ಕೂ ನಿನ್ನನ್ನs ಕರದಾ. ಅದೂ ನಿಂದs ಆದ್ರ, ನನ್ನ ಯಾರ್ ಕರೀತಾರ್ಲೇ?"